ತರೀಕೆರೆಯ ಬರೀ ಪಟ

ತಿಪಟೂರಿನಿಂದ ಬೆಳಗಿನ ಗಾಡಿ ಹಿಡಿದು ಕಡೂರಿನಲ್ಲಿ ಇಳಿದಾಗ ಶ್ರಾವಣದ ಗಾಳಿ ತಲೆಯ ಪೇಟವನ್ನೇ ಕಿತ್ತುಕೊಂಡು ಹೋಗುವಂತೆ ಬೀಸುತ್ತಿತ್ತು. ಮೂರನೆಯ ದರ್ಜೆಯಲ್ಲಿ ಕೋಳಿಬುಟ್ಟಿಯ ಪಕ್ಕ ಕುಳಿತು ಬಂದವನಿಗೆ ಆ ಗಾಳಿಯೂ ಹಿತವೇ ಆಯಿತು. ನಾನು ಹೊರಟಿದ್ದು ಒಂದು ಕಾಗದದ ಗೌರಿಗಾಗಿ. ಅದಕ್ಕೆ ಶಾಲೆಗೆ ರಜ ಹಾಕಿದೆನೆಂದು ಮನೆಯಲ್ಲಿ ಎಲ್ಲರೂ ನಕ್ಕಿದ್ದರು.

ತರೀಕೆರೆಯಲ್ಲಿ ಲಗ್ನಪತ್ರಿಕೆ ಅಚ್ಚುಹಾಕುವ ಸಣ್ಣ ಛಾಪಖಾನೆಯೊಂದಿದೆ. ಅದರ ಯಜಮಾನರಾದ ರುದ್ರಾಚಾರ್ ಪ್ರತಿ ಗೌರಿಹಬ್ಬಕ್ಕೂ ಹೊಸದಾಗಿ ಮರದ ಅಚ್ಚು ಕೆತ್ತಿ, ನೂರೊಂದು ಪಟ ಒತ್ತಿ, ಆಮೇಲೆ ಅಚ್ಚಿನ ಮುಖವನ್ನು ಹೆರೆದುಬಿಡುತ್ತಾರೆ. ಯಾರು ಕಾಲಿಗೆ ಬಿದ್ದರೂ ಇನ್ನೊಂದು ಹುಟ್ಟುವುದಿಲ್ಲ. ಅಚ್ಚಿನಲ್ಲಿ ಬರುವುದು ಕಪ್ಪು ಗೆರೆ ಮಾತ್ರ. ಸೀರೆಯ ಬಣ್ಣ, ಒಡವೆಯ ಚಿನ್ನದ ರೇಕು, ಕಟ್ಟಕಡೆಗೆ ಕಣ್ಣು, ಇಷ್ಟೂ ಅವರ ತಾಯಿ ಪುಟ್ಟಮ್ಮನವರ ಕೈಕೆಲಸ. ಕೆಲವು ವರ್ಷಗಳಿಂದ ಅವರಿವರ ಕೈಯಲ್ಲಿ ತರಿಸಿ ಕೂಡಿಡುತ್ತ ಬಂದಿದ್ದೇನೆ. ಹೋದ ವರ್ಷ ಕಟ್ಟು ಹಾಕಿಸಿ ತರಿಸಿದ ಪಟದ ಗಾಜು ರೈಲಿನಲ್ಲಿ ಒಡೆದುಹೋಗಿತ್ತು. ಹಾಗಾಗಿ ಈ ಸಲ ಕಟ್ಟು ಬೇಡ, ಬರೀ ಪಟ ಸಾಕು ಎಂದು ಕಡೂರಿನ ಗೆಳೆಯ ಸಿದ್ದಲಿಂಗಪ್ಪನ ಮೂಲಕ ಹೇಳಿಕಳಿಸಿದ್ದೆ. ಅವನು ಕೊಬ್ಬರಿ ವ್ಯಾಪಾರಕ್ಕೆ ತರೀಕೆರೆಗೆ ಹೋಗಿಬರುವವನು.

ಅವನ ಮನೆಯಲ್ಲಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ತಿನ್ನುತ್ತ ವಿಚಾರಿಸಿದೆ. "ಹೇಳಿದ್ದೀನಿ ಕಣಯ್ಯ. ಮೇಷ್ಟ್ರಿಗೆ ಬರೀ ಪಟ ಸಾಕಂತೆ ಅಂದೆ. ಎತ್ತಿಟ್ಟವ್ರೆ, ಹೋಗಿ ಇಸ್ಕೋ" ಎಂದ.

ಮರುದಿನ ಅಜ್ಜಂಪುರಕ್ಕೆ ಹೋದೆ. ಅಲ್ಲಿ ನನ್ನ ತಂಗಿ ಗಂಗಮ್ಮನ ಮನೆ. ಗೂಡಿನಲ್ಲಿ ಈ ವರ್ಷದ ಗೌರಿ ಆಗಲೇ ಕುಳಿತಿದ್ದಳು. ಅಂಥ ಕಣ್ಣುಗಳನ್ನು ನಾನು ಕಂಡಿರಲಿಲ್ಲ. ಈಗಷ್ಟೇ ಯಾರೋ ಕರೆದರೆಂದು ತಿರುಗಿ ನೋಡಿದಂತಿದ್ದವು. ಬಹಳ ಹೊತ್ತು ನಿಂತೇ ಇದ್ದೆ.

"ಇದೇ ಕೊನೇದಂತೆ ಅಣ್ಣಯ್ಯ. ಆ ಅಮ್ಮನಿಗೆ ಕಣ್ಣಿಗೆ ಪೊರೆ ಬಂದ್ಬಿಟ್ಟೈತಂತೆ" ಎಂದಳು ತಂಗಿ. ಆಮೇಲೆ ತನ್ನ ಎಂದಿನ ಕೊಂಕು ಸೇರಿಸಿದಳು: "ನೀನೋ ತಗೊಂಡ್ಹೋಗಿ ಪೆಟ್ಟಿಗೇಲಿ ಮಲಗಿಸ್ತೀಯ. ಗೌರಮ್ಮನಿಗೆ ಉಸಿರು ಕಟ್ಟಲ್ವಾ?"

ನಾನು ನಕ್ಕುಬಿಟ್ಟೆ. ಕೊನೆಯ ಗೌರಿಯರಲ್ಲಿ ಒಬ್ಬಳು ನನಗಾಗಿ ತರೀಕೆರೆಯಲ್ಲಿ ಕಾದಿದ್ದಾಳೆಂಬ ಹಿಗ್ಗು ನನಗೆ.

ಬೀರೂರಿನಲ್ಲಿ ಗಾಡಿ ಬದಲಿಸಿ ತರೀಕೆರೆ ಮುಟ್ಟಿದಾಗ ತುಂತುರು ಹನಿಯುತ್ತಿತ್ತು. ರುದ್ರಾಚಾರ್ ಮಸಿಗೈ ಒರೆಸಿಕೊಂಡು ಪಟ ತಂದು ಬಿಚ್ಚಿದರು. ಬಿಳಿ ಕಾಗದದ ಮೇಲೆ ಕಪ್ಪು ಗೆರೆ, ಅಷ್ಟೇ. ಬಣ್ಣವಿಲ್ಲ, ರೇಕಿಲ್ಲ. ಕಣ್ಣಿನ ಜಾಗ ಖಾಲಿ.

"ಬರೀ ಪಟ ಅಂತ ಹೇಳಿ ಕಳ್ಸಿದ್ರಲ್ಲ ಸ್ವಾಮಿ?" ಎಂದರು. ಕೈಕೆಲಸವಾಗದ ಪಟಕ್ಕೆ ಆ ಮನೆಯಲ್ಲಿ ಇರುವ ಹೆಸರೇ ಅದು. ನಾನು ಹೇಳಿದ್ದು ಕಟ್ಟಿನ ಮಾತು ಎಂದೆ. ಅವರು ಪೆಚ್ಚಾಗಿ ತಲೆ ಕೆರೆದುಕೊಂಡರು. "ಅವ್ವ ಮೂರು ಸಲ ಕೇಳಿದ್ಲು, ಮೇಷ್ಟ್ರಿಗೆ ನನ್ನ ಕೈ ಹಿಡಿಸಲಿಲ್ವೇನೋ ಅಂತ."

ಪುಟ್ಟಮ್ಮ ಒಳಗಿನ ಜಗಲಿಯ ಮೇಲೆ ಕುಳಿತಿದ್ದರು. ಪಟವನ್ನು ಅವರ ಮಡಿಲಲ್ಲಿಟ್ಟು, ಈಗಲಾದರೂ ಕಣ್ಣು ಬಿಡಿಸಿಕೊಡಿ ತಾಯಿ ಎಂದು ಬೇಡಿದೆ. ಅಚ್ಚು ಒತ್ತಿದ ಗೆರೆಗಳ ತಗ್ಗನ್ನು ಹೆಬ್ಬೆರಳಿನಿಂದ ಸವರುತ್ತ ಹೋದ ಅವರು ಮೂಗಿನ ಬಳಿ ಬೆರಳು ನಿಲ್ಲಿಸಿದರು. "ಜಾಗ ಸಿಗ್ತದೆ ಕಣಪ್ಪ. ಕುಂಚದ ತುದಿ ಕಾಣಲ್ಲ."

ನಿಮ್ಮ ಕೈಗಾಗಿಯೇ ಇಷ್ಟು ದೂರ ಬಂದೆ, ಪ್ರತಿ ವರ್ಷದ್ದೂ ಜೋಪಾನವಾಗಿಟ್ಟಿದ್ದೇನೆ ಎಂದೆಲ್ಲ ಹೇಳಿದೆ. ನನ್ನ ದನಿ ನನಗೇ ಬೇರೆಯವರದು ಅನ್ನಿಸಿತು.

"ಮುದುಕಿ ನೊಂದ್ಕೊಂಡಾಳು ಅಂತ ಹೇಳ್ತಿದ್ದೀರ" ಎಂದು ನಕ್ಕರು. ಆಮೇಲೆ, "ಹೋದ ವರ್ಷದ ಗೌರಮ್ಮನಿಗೆ ಯಾವ ಬಳೆ ಇಟ್ಟಿದ್ದೆ ಮೇಷ್ಟ್ರೇ?" ಎಂದು ಕೇಳಿದರು.

"ಹಸಿರು ಬಳೆ" ಎಂದೆ ತಟ್ಟನೆ.

ಅವರ ಮುಖ ನನ್ನ ಕಡೆಗೇ ತಿರುಗಿತು. "ಹೂಂ, ಹಸಿರೇ" ಎಂದರು ಮೆತ್ತಗೆ. "ನೋಡಿದ್ದೀರ ಹಾಗಾದ್ರೆ. ಸಂತೋಷವಾಯ್ತಪ್ಪ." ನನ್ನ ಎದೆಯ ಭಾರ ಇಳಿಯಿತು. ಪಟ ಸುತ್ತಿಕೊಂಡು ನಮಸ್ಕರಿಸಿ ಹೊರಬಿದ್ದೆ.

ರುದ್ರಾಚಾರ್ ಕೊಡೆ ಹಿಡಿದು ನನ್ನನ್ನು ಸ್ಟೇಷನ್ನಿಗೆ ಬಿಡಲು ಬಂದರು. ಗಾಡಿ ಬಂದು ನಿಂತ ಮೇಲೆ, ಹೇಳಲೋ ಬೇಡವೋ ಎಂಬಂತೆ ಬಾಯಿಬಿಟ್ಟರು.

"ಹೋದ ವರ್ಷ ಹಸಿರು ಬಣ್ಣ ಎಲ್ಲೂ ಸಿಗ್ಲಿಲ್ಲ ಸ್ವಾಮಿ. ಅವ್ವ ಅತ್ಕೊಂಡು ನೂರೊಂದಕ್ಕೂ ಕೆಂಪು ಬಳೆ ಇಟ್ಲು."

ಗಾಡಿ ಹೊರಟಿತು. ಕಿಟಕಿಯಿಂದ ನೋಡಿದರೆ ಅವರಿನ್ನೂ ಕೊಡೆ ಹಿಡಿದು ನಿಂತೇ ಇದ್ದರು. ಆ ತಾಯಿಗೆ ಸಮಾಧಾನ ಹೇಳಲು ಹೋದವನು ನಾನು. ಸಮಾಧಾನ ಹೇಳಿಸಿಕೊಂಡು ಬಂದವನೂ ನಾನೇ.