ಬುಗುರಿಯ ಎಂಜಿನ್ನು, ಅತ್ತೆಯ ಕಿವಿ

ಲಿಫ್ಟ್ ರಿಪೇರಿ ಮಾಡುವ ಆ ಮನುಷ್ಯನಿಗೆ ಗೆಳೆಯರು ಬುಗುರಿ ಎಂದು ಹೆಸರಿಟ್ಟಿದ್ದರು. ಊಟಕ್ಕೆ ಕೂತರೂ ಎರಡು ತುತ್ತಿಗೊಮ್ಮೆ ಎದ್ದು ಹೋಗಿ ನಲ್ಲಿ ನಿಲ್ಲಿಸಿದೆಯೇ, ಚಿಲಕ ಹಾಕಿದೆಯೇ ಎಂದು ನೋಡಿ ಬರುವ ಆಸಾಮಿ. ಅಂಥವನು ಭಾನುವಾರ ಬೆಳಿಗ್ಗೆ ಮಾತ್ರ ಮುಚ್ಚಿಹೋದ ಇಟ್ಟಿಗೆ ಕಾರ್ಖಾನೆಯ ಹಿಂದಿನ ಬಯಲಿನಲ್ಲಿ ತನ್ನ ರಿಮೋಟ್ ಟ್ರಕ್ಕಿನ ಮುಂದೆ ಮಂಡಿಯೂರಿ ಅಲ್ಲಾಡದೆ ಕೂರುತ್ತಿದ್ದ.

ಮಕ್ಕಳ ಆಟಿಕೆ ಅಂದುಕೊಳ್ಳಬೇಡಿ. ಮೊಳದುದ್ದದ ಆ ಗಾಡಿಗೆ ನಿಜವಾದ ಎಂಜಿನ್ನೇ ಇತ್ತು, ಗಾತ್ರದಲ್ಲಿ ನಿಂಬೆಹಣ್ಣಿನಷ್ಟು. ನೈಟ್ರೋ ಬೆರೆತ ಇಂಧನ ಕುಡಿದು, ನೀಲಿ ಹೊಗೆ ಕಾರಿ, ಧೂಳೆಬ್ಬಿಸಿಕೊಂಡು ಓಡುತ್ತಿತ್ತು. ಅದರ ಜೀವವೆಲ್ಲ ಒಂದು ಪುಟ್ಟ ತಿರುಪಿನಲ್ಲಿ. ತಿರುಪು ಬಿಗಿ ಮಾಡಿದರೆ ಇಂಧನ ಕಡಿಮೆಯಾಗಿ ವೇಗವೂ ಏರುತ್ತದೆ, ಬಿಸಿಯೂ ಏರುತ್ತದೆ. ಸಡಿಲಿಸಿದರೆ ಎಂಜಿನ್ನು ತಣ್ಣಗಾಗುತ್ತದೆ, ಗಾಡಿ ತೂಕಡಿಸುತ್ತದೆ. ಎಂಜಿನ್ನಿಗೆ ಬೇಕಾದ ಎಣ್ಣೆ ಇಂಧನದಲ್ಲೇ ಬೆರೆತಿರುವುದರಿಂದ, ಬಿಗಿ ಅತಿಯಾದರೆ ಪಿಸ್ಟನ್ ಒಣಗಿ ಕಚ್ಚಿಕೊಂಡುಬಿಡುತ್ತದೆ.

ಉಳಿದವರೆಲ್ಲ ಒಂದೆರಡು ಸುತ್ತಿಗೊಮ್ಮೆ ಗಾಡಿ ನಿಲ್ಲಿಸಿ, ಟೆಂಪರೇಚರ್ ಗನ್ ಹಿಡಿದು ಬಿಸಿ ನೋಡಿಕೊಳ್ಳುತ್ತಿದ್ದರು. ಬುಗುರಿಗೆ ಅದೆಲ್ಲ ತಾತ್ಸಾರ. ಕಣ್ಣು ಮುಚ್ಚಿ ಸದ್ದು ಕೇಳಿಯೇ ತಿರುಪಿಗೆ ಕೈ ಹಾಕುತ್ತಿದ್ದ.

"ಗನ್ನು ಆಗಿಹೋಗಿದ್ದನ್ನ ಹೇಳತ್ತೆ ಕಣೋ, ಕಿವಿ ಆಗಬೇಕಾದ್ದನ್ನ ಹೇಳತ್ತೆ" ಎಂದು ಬಯಲಿನ ಗೆಳೆಯನಾದ ಪೇಂಟರನ ಮುಂದೆ ಕೊಚ್ಚಿಕೊಳ್ಳುತ್ತಿದ್ದ.

ಅಂಥ ಬುಗುರಿಯ ಎಂಜಿನ್ನು ಒಂದು ಭಾನುವಾರ ನಟ್ಟನಡುವೆ ಕಚ್ಚಿಕೊಂಡು ನಿಂತಿತು. ಇಂಧನ ಹಳೆಯದು ಎಂದ. ಹೊಸ ಎಂಜಿನ್ನು ಕೂರಿಸಿದ, ಅದೂ ಸುಟ್ಟಿತು. ಧೂಳು ಹೋಗಿರಬೇಕು ಎಂದ. ಮೂರನೆಯದನ್ನು ಕೂರಿಸುವ ಹೊತ್ತಿಗೆ, ಯಾರಿಗೂ ಹೇಳದೆ ಒಂದು ಗನ್ನು ಕೊಂಡು ತಂದಿದ್ದ.

ಆಮೇಲೆ ಅವನ ಚಡಪಡಿಕೆ ನೋಡುವ ಹಾಗಿರಲಿಲ್ಲ. ಸುತ್ತು ಮುಗಿಯುವ ಮೊದಲೇ ಗಾಡಿ ಕರೆಸುವನು, ಗನ್ನು ಹಿಡಿಯುವನು, ತಿರುಪು ಸಡಿಲಿಸುವನು, ಮತ್ತೆ ಓಡಿಸಿ ಮತ್ತೆ ಬಿಗಿ ಮಾಡುವನು. ಒಂದು ಕಡೆ ಎಂಬತ್ತು ಡಿಗ್ರಿ ತೋರಿಸಿದರೆ, ಗನ್ನು ಸ್ವಲ್ಪ ವಾಲಿಸಿದಾಗ ನೂರಿಪ್ಪತ್ತು.

"ಲೋ, ಹೊಳೆಯೋ ಲೋಹದ ಮೇಲೆ ಹಿಡಿದ್ರೆ ಅದು ಸುಳ್ಳೇ ಹೇಳೋದು" ಎಂದ ಪೇಂಟರ್. "ಮೇಲಿಂದ ನೇರವಾಗಿ ಎಂಜಿನ್ನಿನ ತಲೆಮೇಲಿರೋ ಪ್ಲಗ್ಗಿನ ಕುಳಿಯೊಳಕ್ಕೆ ಹಿಡಿ. ಹತ್ತಿರದಿಂದ. ಪ್ರತಿಸಲ ಅಲ್ಲೇ. ನೂರಹತ್ತರ ಆಸುಪಾಸಿದ್ರೆ ಸುಮ್ನಿದ್ದುಬಿಡು."

ಸುಮ್ಮನಿರುವುದೊಂದೇ ಅವನಿಗೆ ಆಗದ ಕೆಲಸ.

ಮನೆಯಲ್ಲಿ ಇನ್ನೊಂದು ರಾಮಾಯಣ ನಡೆದಿತ್ತು. ಹೆಂಡತಿಯ ತಾಯಿ ಇವರ ಜೊತೆಗೇ ಇದ್ದರು. ದೂರವಾಣಿ ಕಚೇರಿಯಲ್ಲಿ ಆಪರೇಟರ್ ಆಗಿ ನಿವೃತ್ತರಾದವರು. ಪಕ್ಕದ ಮನೆಯ ಪಿಸುಮಾತೂ ಅವರ ಕಿವಿಗೆ ಬೀಳುತ್ತಿತ್ತು. ಅಂಥವರು ಏನಾದರೂ ಕೇಳಿದರೆ ಅಳಿಯ ಉತ್ತರವನ್ನೇ ಕೊಡುತ್ತಿರಲಿಲ್ಲ.

"ರೀ, ಅಮ್ಮ ಅಂದ್ರೆ ನಿಮಗೆ ಅಷ್ಟು ಅಸಡ್ಡೆನಾ?" ಎಂದು ಹೆಂಡತಿ ಜಗಳಕ್ಕೆ ನಿಂತಳು. "ಅವರು ಮಾತಾಡಿಸ್ತಾನೇ ಇದಾರೆ, ನೀವು ಗೋಡೆ ನೋಡ್ತೀರಿ."

"ಏನೋ ಯೋಚನೇಲಿದ್ದೆ" ಎಂದು ಅವನು ಎದ್ದು ನಲ್ಲಿ ನೋಡಲು ಹೋದ.

ಆ ವಾರವೇ ಕೆಲಸದಲ್ಲಿ ಆಗಬಾರದ್ದು ಆಗುವುದರಲ್ಲಿತ್ತು. ಹಳೆಯ ಕಟ್ಟಡವೊಂದರಲ್ಲಿ ಅವನು ಲಿಫ್ಟಿನ ಪೆಟ್ಟಿಗೆಯ ಮೇಲೆ ನಿಂತು, ಗುಂಡಿ ಒತ್ತಿ ಹಿಡಿದು ನಿಧಾನಕ್ಕೆ ಕೆಳಗಿಳಿಸುತ್ತಿದ್ದ. ಮೇಲೆ ಯಂತ್ರದ ಹತ್ತಿರವಿದ್ದ ಜೊತೆಗಾರನ ಅಂಗಿ ತೋಳು ಹಗ್ಗದ ಗಾಲಿಗೆ ಸಿಕ್ಕಿತು. "ನಿಲ್ಸೋ! ನಿಲ್ಸೋ!" ಎಂದು ಆ ಜೊತೆಗಾರ ಗಂಟಲು ಹರಿಯುವಂತೆ ಕೂಗಿದ. ಬುಗುರಿಯ ಹೆಬ್ಬೆರಳು ಗುಂಡಿಯ ಮೇಲೇ ಇತ್ತು. ಹಗ್ಗ ಅಸಹಜವಾಗಿ ಅದುರಿದ್ದು ಕಣ್ಣಿಗೆ ಬಿದ್ದಾಗಲೇ ಕೈ ತೆಗೆದದ್ದು. ತೋಳಿನ ಬಟ್ಟೆ ಚಿಂದಿಯಾಯಿತು, ಕೈ ಉಳಿಯಿತು.

"ಕಿವುಡನೇನೋ ನೀನು?" ಎಂದು ಜೊತೆಗಾರ ಚಿಂದಿಯಾದ ತೋಳನ್ನು ತೋರಿಸುತ್ತ ಕೇಳಿದ.

"ಮೆಷಿನ್ ರೂಮಿನ ಫ್ಯಾನಿನ ಸದ್ದು ಜೋರಿತ್ತು" ಎಂದ ಬುಗುರಿ. ಫ್ಯಾನು ತಿರುಗುತ್ತಲೇ ಇರಲಿಲ್ಲ.

ಅಂದಿನಿಂದ ಅವನಿಗೆ ಹೊಸ ಚಾಳಿಯೊಂದು ಹತ್ತಿತು. ಒಬ್ಬನೇ ಇದ್ದಾಗ ಗಡಿಯಾರವನ್ನು ಕಿವಿಗೆ ಒತ್ತಿ ಹಿಡಿಯುವನು. ಎಡಗಿವಿಗೆ ಟಿಕ್ ಎನ್ನುವುದೂ ಇಲ್ಲ. ಬಲಗಿವಿಗೆ ಕೇಳಿಸಿತೋ, ಕೇಳಿಸಿತೆಂದು ಭ್ರಮೆಯೋ, ಅದೂ ತಿಳಿಯದು.

ಭಾನುವಾರ ಅವನು ಟ್ರಕ್ಕಿನ ಪೆಟ್ಟಿಗೆ ಎತ್ತಿಕೊಳ್ಳುವಾಗ ಅತ್ತೆ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದರು.

"ಅಳಿಯಂದ್ರೇ, ನಾನೂ ಬರ್ತೀನಿ."

"ಅಲ್ಲಿ ಬರೀ ಧೂಳು, ಗಲಾಟೆ ಅತ್ತೆ."

"ಮನೇಲಿ ಗಲಾಟೆ ಕಮ್ಮಿನಾ?" ಎಂದು ಅವರು ಕಾರಿನಲ್ಲಿ ಕೂತೇಬಿಟ್ಟರು.

ಬಯಲಿನಲ್ಲಿ ಮಡಚುವ ಕುರ್ಚಿ ಹಾಕಿಕೊಂಡು, ಸೆರಗಿನಿಂದ ಮೂಗು ಮುಚ್ಚಿ ಕೂತರು. ಹವೆ ಒಣಗಿ ತಣ್ಣಗಿತ್ತು. ಅಂಥ ದಿನ ಎಂಜಿನ್ನಿಗೆ ಇಂಧನ ಹೆಚ್ಚು ಬೇಕು. ಬುಗುರಿ ತನ್ನ ಕಿವಿ ಕೆಟ್ಟಿಲ್ಲ ಎಂದು ತೋರಿಸುವ ಹಟಕ್ಕೆ ಗನ್ನನ್ನು ಜೇಬಿನಲ್ಲೇ ಇಟ್ಟು ತಿರುಪು ಬಿಗಿ ಮಾಡಿದ. ಟ್ರಕ್ಕು ಬಾಣದ ಹಾಗೆ ಹಾರಿತು. ಹಿಂದೆ ಹೊಗೆಯ ಸುಳಿವೇ ಇಲ್ಲ, ಇಂಧನ ಸಾಲದು ಎಂಬುದರ ಗುರುತು.

ಎರಡು ಸುತ್ತಾಗುತ್ತಲೇ ಅತ್ತೆ ಎದ್ದು ಬಂದು ಏನೋ ಹೇಳಿದರು. ಅವನು ತಿರುಗಲಿಲ್ಲ. ಅವರು ಭುಜ ಹಿಡಿದು ಅಲುಗಿಸಿ, ಮುಖದ ಎದುರಿಗೇ ಬಂದು ನಿಂತರು.

"ಅದು ಚೀರ್ತಿದೆ ಅಳಿಯಂದ್ರೇ. ಆಗಿಂದ ಚೀರ್ತಿದೆ. ಸಣ್ಣ ದನೀಲಿ. ಕೇಳಿಸ್ತಿಲ್ವಾ?"

"ನಿಮಗೇನು ಗೊತ್ತಾಗತ್ತೆ ಎಂಜಿನ್ನು!" ಎಂದು ರೇಗಿದ. ರೇಗಿದರೂ ಕೈ ಟ್ರಕ್ಕನ್ನು ವಾಪಸು ಕರೆಸಿತ್ತು. ಪ್ಲಗ್ಗಿನ ಕುಳಿಯೊಳಕ್ಕೆ ಗನ್ನು ಹಿಡಿದ. ನೂರ ನಲವತ್ತು. ಇನ್ನೊಂದು ಸುತ್ತು ಓಡಿದ್ದರೆ ಮೂರನೆಯ ಎಂಜಿನ್ನೂ ಹೋಗುತ್ತಿತ್ತು.

ಅವನು ಎಂಜಿನ್ನು ಆರಿಸಿ ಮಣ್ಣಿನಲ್ಲೇ ಕೂತ. ಅತ್ತೆ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು, ತುಟಿಯ ಚಲನೆ ಕಾಣುವಂತೆ ನಿಧಾನವಾಗಿ ಮಾತಾಡಿದರು.

"ಮಗಳಿಗೆ ನಾನು ಆಗ್ಲೇ ಹೇಳ್ದೆ. ಅವರು ಕೇಳಿಸ್ಕೊಳ್ತಿಲ್ಲ ಅಂತಲ್ಲ ಕಣೆ, ಅವರಿಗೆ ಕೇಳಿಸ್ತಿಲ್ಲ ಅಂತ. ಅವಳು ನಂಬಲಿಲ್ಲ."

"ಕೆಲಸ ಹೋಗತ್ತೆ ಅತ್ತೆ."

"ಹೋದ್ರೆ ಹೋಗ್ಲಿ. ಯಾರದಾದ್ರೂ ಕೈ ಹೋದ್ರೆ ಏನ್ಮಾಡ್ತೀರಿ?"

ಲಿಫ್ಟಿನ ಸಂಗತಿ ಅವರಿಗೆ ಹೇಗೆ ತಿಳಿಯಿತೋ ಕಾಣೆ. ಜೊತೆಗಾರನ ಹೆಂಡತಿ ಫೋನಿನಲ್ಲಿ ಯಾರಿಗೋ ಹೇಳಿದ್ದು ಇವರ ಕಿವಿಗೆ ಬಿದ್ದಿರಲಿಕ್ಕೂ ಸಾಕು. ಬುಗುರಿ ತಿರುಪನ್ನು ಚೂರು ಸಡಿಲಿಸಿದ.

ಸೋಮವಾರ ಸೂಪರ್‌ವೈಸರನ ಕೋಣೆಯ ಮುಂದೆ ಅವನು ಎಷ್ಟು ಸಲ ಅತ್ತಿತ್ತ ತಿರುಗಿದನೋ, ಒಳಗಿದ್ದವರೇ ಬೇಸತ್ತು ಕರೆದರು. ಇದ್ದದ್ದು ಇದ್ದಹಾಗೆ ಹೇಳಿಬಿಟ್ಟ. ಕೆಲಸ ಹೋಗಲಿಲ್ಲ, ಲಿಫ್ಟ್ ಓಡುವ ಬಾವಿಯೊಳಗೆ ಇಳಿಯುವುದು ನಿಂತಿತು. ವರ್ಕ್‌ಶಾಪಿನ ಮೇಜಿನ ಮುಂದೆ ಕೂತು ಬ್ರೇಕು, ಸ್ವಿಚ್ಚುಗಳನ್ನು ಬಿಚ್ಚಿ ಜೋಡಿಸುವ ಕೆಲಸ ಕೊಟ್ಟರು. ದಿನವಿಡೀ ಕುರ್ಚಿ. ಇಪ್ಪತ್ತು ಮಹಡಿಗಳನ್ನು ಮೇಲೆ ಕೆಳಗೆ ಅಳೆದವನಿಗೆ ಅದೇ ದೊಡ್ಡ ಶಿಕ್ಷೆ. ಅಂಗಿ ಹರಿದುಕೊಂಡ ಜೊತೆಗಾರನ ಬಳಿ ಹೋಗಿ, "ಫ್ಯಾನು ಓಡ್ತಿರಲಿಲ್ಲ, ಸುಳ್ಳು ಹೇಳ್ದೆ" ಎಂದ. ಅವನು "ನನಗೆ ಅವತ್ತೇ ಗೊತ್ತಿತ್ತು" ಎಂದಷ್ಟೇ ಹೇಳಿ ಮುಖ ತಿರುಗಿಸಿದ. ಮೊದಲಿನ ಸಲುಗೆ ಮರಳಲಿಲ್ಲ.

ಕಿವಿಗೆ ಯಂತ್ರ ಬಂತು. ಮೊದಲ ದಿನ ಚಮಚ ತಟ್ಟೆಗೆ ತಾಗಿದ್ದಕ್ಕೇ ಬೆಚ್ಚಿಬಿದ್ದ. ಹೆಂಡತಿ ಅಡುಗೆಮನೆಯಲ್ಲಿ ಮೆಲ್ಲಗೆ ಏನೋ ಗೊಣಗಿದಾಗ, "ನನಗೇ ಅಂದಿದ್ದಾ?" ಎಂದು ಕೇಳಿದ. ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡು ನಕ್ಕಳು.

ಟ್ರಕ್ಕಿನ ಹತ್ತಿರ ಮಾತ್ರ ಆ ಯಂತ್ರ ಪ್ರಯೋಜನಕ್ಕೆ ಬಾರದು. ಎಂಜಿನ್ನಿನ ಸದ್ದು ತಲೆಯೊಳಗೆ ಡ್ರಿಲ್ ಹಾಕಿದಂತಾಗುತ್ತದೆ. ಅದಕ್ಕೇ ಬಯಲಿನಲ್ಲಿ ತೆಗೆದು ಜೇಬಿಗೆ ಹಾಕುತ್ತಾನೆ. ಗನ್ನು ಅವನ ಕೈಲಿ, ಸದ್ದು ಅತ್ತೆಯ ಪಾಲು: ಅವರು ಕೈ ಮೇಲೆತ್ತಿದರೆ ಸಡಿಲಿಸಬೇಕು, ಇಳಿಸಿದರೆ ಬಿಗಿ ಮಾಡಬೇಕು. ಹೋದ ತಿಂಗಳ ಪಂದ್ಯದಲ್ಲಿ ನಾಲ್ಕನೆಯವನಾಗಿ ಬಂದ.

"ಇನ್ನೊಂಚೂರು ಬಿಗಿ ಮಾಡಬಹುದಿತ್ತು" ಎಂದರು ಅತ್ತೆ, ಮನೆಗೆ ಬರುವಾಗ. "ನೂರಹತ್ತು ದಾಟಿರಲಿಲ್ಲ, ನಿಮಗೆ ಸುಮ್ಮನೆ ಭಯ."

"ನಿಮಗೆ ಇನ್ನೂ ಏನೂ ಗೊತ್ತಾಗಲ್ಲ ಅತ್ತೆ" ಎಂದ ಅವನು. ಊಟ ಮುಗಿಯುವ ತನಕ ಇಬ್ಬರೂ ಅದರ ಮೇಲೇ ವಾದ ಮಾಡಿದರು.