ತಿನ್ನಬಾರದ ಸಾಸಿವೆ ಬೆಳೆಯುವ ವೀರಮ್ಮ

ಜನವರಿಯ ಬೆಳಗು, ಆರೂವರೆ. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯ ಅಂಚಿನ ಎರಡು ಗುಂಟೆ ಜಾಗದಲ್ಲಿ ಐವತ್ತೆಂಟರ ವೀರಮ್ಮ ಕುಕ್ಕರುಗಾಲಲ್ಲಿ ಕೂತು ಸಾಸಿವೆ ಗಿಡ ಕೀಳುತ್ತಿದ್ದಾರೆ. ಇಬ್ಬನಿಗೆ ನೆಲ ಮೆತ್ತಗಿರುವಾಗಲೇ ಕೀಳಬೇಕು. ಬಿಸಿಲೇರಿದರೆ ಬೇರು ತುಂಡಾಗಿ ಮಣ್ಣಲ್ಲೇ ಉಳಿಯುತ್ತದೆ. ಬೇರು ಉಳಿದರೆ ವಿಷವೂ ಉಳಿದಂತೆ.

ಈ ಜಾಗದ ಕಥೆ ಕೇಳಿದರೆ ಸಿಟ್ಟು ಬರುತ್ತದೆ. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ ಹೊಡೆಯುವ ಸುತ್ತಲಿನ ತೋಟದವರು ಮೂವತ್ತು ವರ್ಷ ಡ್ರಮ್ಮು ತೊಳೆಸಿದ್ದು ಇಲ್ಲೇ, ಹಳ್ಳ ಹತ್ತಿರವೆಂದು. ತೊಳೆಯುವ ಕೂಲಿ ವೀರಮ್ಮನದೇ. ಮೈಲುತುತ್ತದ ತಾಮ್ರ ನೀರಿನ ಜೊತೆ ಹೋಗಲಿಲ್ಲ, ಮಣ್ಣಿಗೆ ಅಂಟಿ ಕೂತಿತು. ಕೊನೆಗೆ ಯಾರಿಗೂ ಬೇಡವಾದ ಆ ನೆಲವನ್ನೇ ಧಣಿಗಳು ದೊಡ್ಡ ಮನಸ್ಸು ಮಾಡಿ ಆಕೆಗೆ ಬಿಟ್ಟುಕೊಟ್ಟರು! ಬದನೆ, ಬೆಂಡೆ, ಹಾಕಿದ್ದೆಲ್ಲ ಹಳದಿಯಾಗಿ ಸತ್ತವು.

2004ರಲ್ಲಿ ಮಣ್ಣು ಪರೀಕ್ಷೆ ಮಾಡಿಸಿಕೊಟ್ಟವಳು ಕೃಷಿ ಪದವಿ ಓದುತ್ತಿದ್ದ ಊರಿನ ಹುಡುಗಿ ಭವ್ಯ. ಕಿಲೋ ಮಣ್ಣಿಗೆ 640 ಮಿಲಿಗ್ರಾಂ ತಾಮ್ರ; ನೂರು ದಾಟಿದರೇ ಬೆಳೆಗೆ ಕಷ್ಟ. ಸಾಸಿವೆ ಹಾಕಿ ನೋಡೋಣ ಎಂದದ್ದೂ ಅವಳೇ. ಸಾಸಿವೆ ತಾಮ್ರವನ್ನು ಹೀರಿ, ಜೀವಕೋಶದೊಳಗಿನ ಪುಟ್ಟ ಚೀಲಗಳಲ್ಲಿ ಕೂಡಿಹಾಕಿ ಹೇಗೋ ಬದುಕಿಕೊಳ್ಳುತ್ತದೆ. ಇಲ್ಲಿ ಅದೂ ಹತ್ತಕ್ಕೆ ನಾಲ್ಕು ಸಾಯುತ್ತದೆ. ಉಳಿದದ್ದನ್ನು ಕಿತ್ತು, ಒಣಗಿಸಿ, ಸುಟ್ಟು, ಬೂದಿಯನ್ನು ಸಿಮೆಂಟಿನ ತೊಟ್ಟಿಯಲ್ಲಿ ಮುಚ್ಚಿಡಬೇಕು.

ಮೊದಲ ವರ್ಷ ವೀರಮ್ಮ ಹಾಗೆ ಮಾಡಲಿಲ್ಲ. ಸೊಪ್ಪು ಕಂಡರೆ ಕೊಟ್ಟಿಗೆಗೆ ಹಾಸುವುದು ಮಲೆನಾಡಿನ ಕೈಗೆ ಅಂಟಿದ ಅಭ್ಯಾಸ.

"ಅಷ್ಟು ಚಂದದ ಸೊಪ್ಪು, ಸುಡದು ಹೆಂಗೆ ಅಂತ ದನದ ಕಾಲಡಿಗೆ ಹಾಸ್ದೆ. ಆ ಗೊಬ್ರನೇ ತಂದು ಇಲ್ಲಿಗೆ ಹಾಕ್ದೆ. ನಾನೇ ಕಿತ್ತೆ, ನಾನೇ ವಾಪಸ್ ಸುರ್ದೆ. ಎಂತ ಹೇಳದು ಮಾರಾಯ್ರೆ?"

ಹಾಸಿದ ಸೊಪ್ಪನ್ನು ಮೇಯ್ದ ಕರು ಅದೇ ವರ್ಷ ಸತ್ತಿತು. ಅದರಿಂದಲೇ ಎಂದು ಯಾರೂ ಖಚಿತವಾಗಿ ಹೇಳಲಿಲ್ಲ. ಅಲ್ಲವೆಂದರೆ ವೀರಮ್ಮ ನಂಬುವುದಿಲ್ಲ.

ಈಗ ದಿನಾ ಬೆಳಿಗ್ಗೆ ಮುನ್ನೂರು ಗಿಡ ಕಿತ್ತು, ಎಂಟು ಗಂಟೆಗೆ ಕೂಲಿಗೆ ಹೋಗುತ್ತಾರೆ. ಹದಿನೈದು ದಿನ ಹೀಗೆ ಕಿತ್ತು ಸುಟ್ಟರೆ ಸಿಗುವುದು ಒಂದು ಡಬ್ಬ ಬೂದಿ. ಕಳೆದ ತಿಂಗಳು, 2008ರ ಡಿಸೆಂಬರಿನಲ್ಲಿ, ಭವ್ಯ ಮತ್ತೆ ಮಣ್ಣು ಪರೀಕ್ಷೆ ಮಾಡಿಸಿದಳು. 631.

"ಒಂಬತ್ತು ಕಮ್ಮಿ ಆಯ್ತಲ್ಲ ಅಂದೆ. ಅದು ಪರೀಕ್ಷೆಯ ಹೆಚ್ಚುಕಮ್ಮಿನೂ ಇರ್ಬಹುದು ವೀರಮ್ಮಕ್ಕ, ಈ ಮಣ್ಣು ಸರಿಯಾಗದು ನಿಮ್ಮ ಕಾಲಕ್ಕೂ ಆಗಲ್ಲ, ನನ್ನ ಕಾಲಕ್ಕೂ ಆಗಲ್ಲ ಅಂತು ಆ ಹುಡ್ಗಿ. ಹೇಳುವಾಗ ಅದ್ರ ಕಣ್ಣಲ್ಲೇ ನೀರು ಬಂತು."

ಆದರೂ ಯಾಕೆ ಕೀಳುತ್ತೀರಿ ಎಂದು ಕೇಳುತ್ತೇನೆ. ಕೇಳಿದ ಮೇಲೆ ನನಗೇ ನಾಚಿಕೆಯಾಗುತ್ತದೆ. ಅವರು ಗಿಡದ ಬುಡದ ಮಣ್ಣು ಕೊಡವಿ, ಬೇರನ್ನು ಬೆಳಕಿಗೆ ಹಿಡಿದು, ತುಂಡಾಗಿಲ್ಲವೆಂದು ನೋಡಿಕೊಂಡು ಬುಟ್ಟಿಗೆ ಹಾಕುತ್ತಾರೆ.

"ನಮ್ಮಲ್ಲಿಗೆ ಬಂದವ್ರನ್ನ ಬರಿಗೈಲಿ ಕಳ್ಸಿದ್ದಿಲ್ಲ. ಈ ಜಾಗ ಬಂದ್ಮೇಲೆ ಎಲ್ರಿಗೂ ಮುಟ್ಬೇಡಿ, ಕೊಯ್ಬೇಡಿ ಅನ್ನದೇ ಆಯ್ತು. ಸಾಯದ್ರೊಳಗೆ ಒಂದೇ ಒಂದು ಕಟ್ಟು ಹರಿವೆ ಸೊಪ್ಪು ಬೆಳ್ದು, ಯಾರಿಗಾದ್ರೂ ತಗಂಡ್ ಹೋಗಿ, ಸಾರು ಮಾಡ್ಕಳಿ ಅಂತ ಹೇಳ್ಬೇಕು."