ಟ್ರೇಸರ್ ಸುಜಾತಕ್ಕನ ಗ್ಲೈಡರ್

ಸುಜಾತಕ್ಕ ಯಾವ ಕೋಣೆಗೆ ಕಾಲಿಟ್ಟರೂ ಮೊದಲು ಫ್ಯಾನ್ ಬಂದ್ ಮಾಡುತ್ತಿದ್ದಳು. ಶಹಾಪುರದ ಮೇ ತಿಂಗಳಲ್ಲಿ ಇದನ್ನು ಸಹಿಸುವುದು ಸುಲಭವಲ್ಲ. ಕಾಲುವೆ ಆಫೀಸಿನಲ್ಲಿ ಆಕೆ ಟ್ರೇಸರ್, ಅಂದರೆ ಎಂಜಿನಿಯರುಗಳು ಪೆನ್ಸಿಲಿನಲ್ಲಿ ಬರೆದ ನಕ್ಷೆಯ ಮೇಲೆ ತೆಳು ಹಾಳೆ ಹಾಸಿ ಮಸಿಯಲ್ಲಿ ತಿದ್ದುವವಳು. ನಾನು ಅದೇ ಕೋಣೆಯ ಟೈಪಿಸ್ಟ್, ಯಾದಗಿರಿಯ ಕಿರಾಣಿ ಅಂಗಡಿಯವರ ಮಗಳು. ಕೆಲಸಕ್ಕೆ ಸೇರಿದ ಮೊದಲ ದಿನ ಬೆವರು ಒರೆಸಿಕೊಳ್ಳುತ್ತ ಫ್ಯಾನ್ ಹಾಕಿದೆ. ಆಕೆ ತಲೆ ಎತ್ತದೆ, "ಏ ತಂಗಿ, ಗಾಳಿ ಬೇಕಂದ್ರ ಹೊರಗ ಹೋಗು. ಒಳಗ ಗಾಳಿಗೆ ಕೆಲಸಿಲ್ಲ" ಎಂದಳು.

ಕಾಲುವೆಗೆ ಇನ್ನೂ ನೀರು ಬಿಟ್ಟಿರದ ಕಾಲ ಅದು. ಕ್ವಾರ್ಟರ್ಸ್ ಕಡಿಮೆ, ಸಿಬ್ಬಂದಿ ಹೆಚ್ಚು. ನಾನು ಆಕೆಯ ಮನೆಯಲ್ಲೇ ಒಂದು ಕೋಣೆ ಹಿಡಿದೆ. ಅಲ್ಲಿಯೂ ಫ್ಯಾನ್ ತಿರುಗುತ್ತಿರಲಿಲ್ಲ, ಆದರೆ ಕಾರಣ ನಕ್ಷೆಯ ಹಾಳೆಯಲ್ಲ, ಬೇರೆ. ಪಡಸಾಲೆಯ ತುಂಬ ಹಳೆಯ ಡ್ರಾಯಿಂಗ್ ಬೋರ್ಡು, ಅದರ ಮೇಲೆ ಗುಂಡುಸೂಜಿಯಲ್ಲಿ ಚುಚ್ಚಿಟ್ಟ ಹಗುರ ಕಟ್ಟಿಗೆಯ ಚೂರುಗಳು. ಮೀನಿನ ಎಲುಬು ಬಿಡಿಸಿಟ್ಟಂತೆ ಕಾಣುತ್ತಿತ್ತು. ಆಕೆ ಗ್ಲೈಡರ್ ಕಟ್ಟುತ್ತಿದ್ದಳು, ಗಾಳಿಯ ಮೇಲೇ ತೇಲುವ ಪುಟ್ಟ ವಿಮಾನ.

ಹೈದರಾಬಾದಿನ ಸೋದರಮಾವನ ಮನೆಗೆ ಹೋದಾಗ ಮೈದಾನವೊಂದರಲ್ಲಿ ಯಾರೋ ಅದನ್ನು ಹಾರಿಸುವುದನ್ನು ನೋಡಿದ್ದಳಂತೆ. ಎಂಜಿನ್ ಇಲ್ಲ, ಸಪ್ಪಳ ಇಲ್ಲ. ಕೆಳಗೆ ನಿಂತವನ ಕೈಯಲ್ಲಿ ಅದನ್ನು ಆಡಿಸುವ ರೇಡಿಯೋ ಡಬ್ಬಿ. ಅವನಿಂದಲೇ ಅಂಗಡಿಯ ವಿಳಾಸ ಕೇಳಿ ಒಂದು ಕಿಟ್ಟನ್ನೂ ಅಂಥದೇ ಡಬ್ಬಿಯನ್ನೂ ಹಿಡಿದುಕೊಂಡು ಬಂದಿದ್ದಳು. ಕಿಟ್ಟಿನಲ್ಲಿ ಬಾಲ್ಸಾ ಎಂಬ ಹಗುರ ಕಟ್ಟಿಗೆಯ ಹಲಗೆಗಳು, ಟಿಶ್ಯೂ ಕಾಗದ ಮತ್ತು ಪೂರ್ತಿ ಅಳತೆಯ ನಕ್ಷೆ. ಆ ನಕ್ಷೆಯನ್ನು ಆಕೆ ಮೊದಲು ಟ್ರೇಸ್ ಮಾಡಿದಳು. ಮೂಲ ನಕ್ಷೆಯ ಮೇಲೆ ಅಂಟು ಬೀಳುವುದು ಆಕೆಗೆ ಆಗದ ಮಾತು. ರೆಕ್ಕೆಯ ಪಕ್ಕೆಲುಬುಗಳನ್ನು ಬ್ಲೇಡಿನಿಂದ ಕತ್ತರಿಸಿ, ಒಂದೊಂದನ್ನೂ ಬೆಳಕಿಗೆ ಹಿಡಿದು, ಪಾಲೀಸ್ ಕಾಗದದಿಂದ ತಿಕ್ಕುತ್ತಿದ್ದಳು. ಕಾಗದ ಹೊದಿಸಿ ವಾರ್ನಿಷಿನಂಥದನ್ನು ಬಳಿದರೆ ಅದು ಒಣಗುತ್ತ ಬಿಗಿದು ತಟ್ಟಿದರೆ ಬಾರಿಸುವ ಹಲಗೆಯ ಚರ್ಮದ ಹಾಗೆ ಸದ್ದು ಮಾಡುತ್ತಿತ್ತು. ಮನೆಯೆಲ್ಲ ಅದರ ಕಳಿತ ಬಾಳೆಹಣ್ಣಿನಂಥ ವಾಸನೆ.

ಕಾಲೊನಿಯ ಹೆಂಗಸರು, "ಮದಿವಿ ಆಗೂದು ಬಿಟ್ಟು ವಿಮಾನ ಮಾಡ್ಕೋತ ಕುಂತಾಳ" ಎಂದು ಆಡಿಕೊಂಡರು. ಅದು ಕಿವಿಗೆ ಬಿದ್ದರೆ ಆಕೆ ನಗುತ್ತಿದ್ದಳು. "ಹೌದ್ರಿ, ಇದು ಬ್ಯಾಸರಾದ್ರ ಬಿಚ್ಚಿ ಡಬ್ಬಿಯೊಳಗ ಇಡಬೌದು."

ಮೊದಲ ಗ್ಲೈಡರು ಕಾಲುವೆಯ ಏರಿಯ ಮೇಲಿಂದ ಹಾರಿ, ಮೂಗು ಕೆಳಗಾಗಿ ನೇರ ನೆಲಕ್ಕೆ ಬಿತ್ತು. ಆಕೆ ಚೂರುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಮನೆಗೆ ಬಂದು, ಉಂಡು, ಮಲಗಿದಳು. ಮರುವಾರ ಮತ್ತೆ ಕಟ್ಟತೊಡಗಿದಳು. ಎತ್ತರ ಬೇಕು, ಎದುರುಗಾಳಿ ಬೇಕು ಎಂದು ಲೆಕ್ಕ ಹಾಕಿ ಸುರಪುರದ ಗುಡ್ಡ ಹುಡುಕಿದಳು. ಆಷಾಢದ ಗಾಳಿ ಗುಡ್ಡಕ್ಕೆ ಬಡಿದು ಮೇಲೇಳುತ್ತದೆ. ಆ ಗಾಳಿಯ ಮೇಲೆ ಗ್ಲೈಡರು ಕೂತುಬಿಡುತ್ತದೆ. ಭಾನುವಾರ ರೆಕ್ಕೆ ಬಿಚ್ಚಿ ಉದ್ದನೆಯ ಪೆಟ್ಟಿಗೆಯಲ್ಲಿಟ್ಟು ಬಸ್ಸಿಗೆ ಹೋಗುತ್ತಿದ್ದೆವು. ನನ್ನ ಕೆಲಸ ಎಸೆಯುವುದು. ಮೈಯ ನಡುವೆ ಹಿಡಿದು, ಗಾಳಿಗೆ ಎದುರಾಗಿ ಎರಡು ಹೆಜ್ಜೆ ಓಡಿ ಬಿಡಬೇಕು. ಉಳಿದದ್ದೆಲ್ಲ ಡಬ್ಬಿಯ ಕಡ್ಡಿಗಳ ಮೇಲಿನ ಆಕೆಯ ಹೆಬ್ಬೆರಳುಗಳಲ್ಲಿ.

ಒಂದು ಭಾನುವಾರ ಗಾಳಿ ಇದ್ದಕ್ಕಿದ್ದಂತೆ ಸತ್ತಿತು. ಗ್ಲೈಡರು ಮೇಲೇಳಲಾರದೆ ಇಳಿಯುತ್ತ ಹೋಗಿ ಕೆಳಗಿನ ಹಳ್ಳಿಯ ಎಲ್ಲಕ್ಕಿಂತ ದೊಡ್ಡ ಮನೆಯ ಮಾಳಿಗೆಯ ಮೇಲೆ ಕೂತಿತು. ಗೌಡರ ಮನೆ. ನಾವು ಹೋದಾಗ ಗೌಡರು ಕಟ್ಟೆಯ ಮೇಲೆ ಕೂತಿದ್ದರು.

"ಗೌಡ್ರ, ನಮ್ಮ ಗ್ಲೈಡರ್ ನಿಮ್ಮ ಮಾಳಿಗಿ ಮ್ಯಾಲ ಬಿದ್ದದ್ರಿ. ತಗೊಂಡು ಹೋಗ್ತೀವಿ" ಎಂದಳು ಸುಜಾತಕ್ಕ.

"ನಾ ಹದ್ದು ಅಂತ ಮಾಡಿದ್ದೆ" ಎಂದರು ಗೌಡರು. ಆಮೇಲೆ, "ಯಾರ್ ಪೈಕಿ ನೀವು?"

ನಾನು ಅಪ್ಪನ ಹೆಸರು ಹೇಳಿದೆ. ಅವರಿಗೆ ಅಂಗಡಿ ಗೊತ್ತಿತ್ತು, ಮುಖ ಅರಳಿತು. ಆಕೆಯ ಕಡೆ ನೋಡಿದರು.

"ನಾ ದೇವಾಪುರದಾಕಿರಿ. ಕೆಳಗಿನ ಓಣಿ. ಕಾಲುವಿ ಆಫೀಸಿನ್ಯಾಗ ಟ್ರೇಸರ್ ಅದೀನಿ."

ಕೆಳಗಿನ ಓಣಿ ಅಂದರೆ ಯಾರ ಓಣಿ ಎಂದು ಗೌಡರು ಕೇಳಬೇಕಾಗಿರಲಿಲ್ಲ. ಮಾಳಿಗೆಯ ಮೆಟ್ಟಿಲು ಮನೆಯ ಒಳಗೆ, ಅಡುಗೆಮನೆಯ ಪಕ್ಕದಲ್ಲಿ. ಗೌಡರು ಮೀಸೆ ಸವರಿಕೊಂಡು, "ಹಂಗಾದ್ರ ಈ ತಂಗಿ ಒಳಗ ಹೋಗಿ ತರಲಿ. ನೀ ಇಲ್ಲೇ ನಿಂದ್ರು" ಎಂದರು.

"ಆಕಿಗೆ ಎಲ್ಲಿ ಹಿಡೀಬೇಕಂತ ತಿಳಿಯಂಗಿಲ್ರಿ. ರೆಕ್ಕಿ ಮುರೀತದ."

ನನಗೆ ಹಿಡಿಯಲು ಚೆನ್ನಾಗಿಯೇ ಬರುತ್ತಿತ್ತು. ಅದು ಆಕೆಗೂ ಗೊತ್ತಿತ್ತು. ಬಾಗಿಲಿನಿಂದ ಒಂದು ಹೆಜ್ಜೆ ಹಿಂದೆ ಸರಿದೆ.

"ನಮ್ಮ ಆಳು ಇಳಸ್ತಾನ."

"ಅಂವಗೂ ತಿಳಿಯಂಗಿಲ್ರಿ."

ಬಾಗಿಲಲ್ಲಿ ಹೆಂಗಸರು ಬಂದು ನಿಂತರು. ಸುಜಾತಕ್ಕ ಗೋಡೆಯನ್ನು ಕೆಳಗಿನಿಂದ ಮೇಲಿನವರೆಗೆ ಒಮ್ಮೆ ನೋಡಿದಳು. "ನಿಚ್ಚಣಕಿ ಅದ ಏನ್ರಿ?"

ದನದ ಕೊಟ್ಟಿಗೆಯಿಂದ ನಿಚ್ಚಣಿಕೆ ಬಂತು. ಅಷ್ಟರಲ್ಲಿ ಅರ್ಧ ಊರು ನೆರೆದಿತ್ತು. ಆಕೆ ಸೀರೆಗೆ ಕಚ್ಚೆ ಹಾಕಿ ಹೊರಗೋಡೆಗುಂಟ ಹತ್ತಿದಳು. ನಡುವೆ ಒಂದು ಮೆಟ್ಟಿಲು ಕರ್ ಎಂದಿತು. ಮೇಲೆ ಹೋದವಳು ಬಹಳ ಹೊತ್ತು ಕಾಣಲಿಲ್ಲ. ಆಮೇಲೆ ರೆಕ್ಕೆ ಬಿಚ್ಚಿ, ಎಲ್ಲವನ್ನೂ ಕಂಕುಳಲ್ಲಿ ಹಿಡಿದು, ಒಂದೇ ಕೈ ಊರುತ್ತ ಇಳಿದಳು. ಒಂದು ಕಡೆ ಕಾಗದ ಹರಿದದ್ದು ಬಿಟ್ಟರೆ ಏನೂ ಆಗಿರಲಿಲ್ಲ.

ಗೌಡರು ಎದ್ದು ಬಂದು ರೆಕ್ಕೆಯನ್ನು ಬೆರಳ ತುದಿಯಿಂದ ಮುಟ್ಟಿದರು. "ಇದನ್ನ ನೀವ ಮಾಡೀರೇನು?"

"ಹೌದ್ರಿ."

"ಛಲೋ ಆಗ್ಯಾದ. ಬರ್ರಿ, ಒಳಗ ಬರ್ರಿ. ಚಾ ಕುಡದು ಹೋಗ್ರಿ."

ಸುಜಾತಕ್ಕ ಕಚ್ಚೆ ಬಿಚ್ಚಿ ನಿರಿಗೆ ಸರಿ ಮಾಡಿಕೊಂಡಳು. "ಆವಾಗ ಕರದಿದ್ರ ನಿಚ್ಚಣಕಿ ಬೇಕಾಗ್ತಿದ್ದಿಲ್ರಿ, ಗೌಡ್ರ. ಬಸ್ಸಿನ ಟೈಮ್ ಆಗ್ಯಾದ."

ಬಸ್ಸಿನಲ್ಲಿ ಆಕೆ ಹರಿದ ಕಾಗದವನ್ನು ನೋಡುತ್ತಿದ್ದಳು.

"ಸಿಟ್ಟು ಬರಲಿಲ್ಲೇನಕ್ಕ?"

"ಬಂತು. ಮಾಳಿಗಿ ಮ್ಯಾಲ ಹೋದ್ಮ್ಯಾಲ ಬಂತು. ಅಲ್ಲೇ ಕುಂತು ಕಡಿಮಿ ಮಾಡ್ಕೊಂಡೆ. ಕೈ ನಡಗಿದ್ರ ಇಳಿಯಾಕ ಬರ್ತದೇನು?"

ಮುಂದಿನ ಭಾನುವಾರ ನಾನು ಬೇರೆ ಗುಡ್ಡ ನೋಡೋಣ ಎಂದೆ. "ಯಾಕ? ಗಾಳಿ ಇಲ್ಲೇ ಛಲೋ ಅದ" ಎಂದು ಅದೇ ಗುಡ್ಡ ಹತ್ತಿದಳು. ಗ್ಲೈಡರು ಗೌಡರ ಮನೆಯ ಮೇಲೆ ದೊಡ್ಡ ಸುತ್ತು ಹಾಕಿ ಹಿಂದಿರುಗಿತು. ಕಟ್ಟೆಯ ಮೇಲೆ ಯಾರೋ ಎದ್ದು ನಿಂತು ಮೇಲೆ ನೋಡುವುದು ಅಷ್ಟು ದೂರದಿಂದಲೂ ಕಂಡಿತು.

ಕಾಲುವೆಗೆ ನೀರು ಬಂತು. ಹೊಲಗಳು ಭತ್ತದ ಗದ್ದೆಗಳಾದವು. ನಕ್ಷೆಯ ಕೆಲಸ ಮುಗಿದ ಮೇಲೆ ಆಫೀಸು ಕರಗುತ್ತ ಹೋಯಿತು. ಸುಜಾತಕ್ಕನಿಗೆ ಬಳ್ಳಾರಿ ಕಡೆ ವರ್ಗವಾಯಿತು. ನನಗೆ ಮದುವೆಯಾಗಿ ನಾನು ಯಾದಗಿರಿಗೆ ಮರಳಿದೆ. ಮತ್ತೆ ನಾವು ಭೇಟಿಯಾಗಲಿಲ್ಲ. ಕೆಲವು ವರ್ಷಗಳ ಮೇಲೆ, ಆಕೆ ಜಾಂಡೀಸಿನಿಂದ ತೀರಿಕೊಂಡಳೆಂದು ಹಳೆಯ ಸಹೋದ್ಯೋಗಿಯೊಬ್ಬರು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗ ಹೇಳಿದರು. ಗ್ಲೈಡರ್ ಏನಾಯಿತು ಎಂದು ಕೇಳಿದೆ. ಅವರಿಗೆ ಗೊತ್ತಿರಲಿಲ್ಲ.

ಆಕೆ ಬಳ್ಳಾರಿಗೆ ಹೊರಡುವ ಮುಂಚಿನ ಭಾನುವಾರ ನಾವು ಕಡೆಯ ಬಾರಿ ಗುಡ್ಡಕ್ಕೆ ಹೋಗಿದ್ದೆವು. ನಾನು ಎಸೆದೆ. ಗ್ಲೈಡರು ಏರಿ ಗಾಳಿಯಲ್ಲಿ ನೆಲೆಯಾಯಿತು. ಆಗ ಸುಜಾತಕ್ಕ ರೇಡಿಯೋ ಡಬ್ಬಿಯನ್ನು ನನ್ನ ಕೈಗಿಟ್ಟಳು.

"ಅಕ್ಕ, ಬೀಳ್ತದ, ನೀನ ಹಿಡಿ!"

"ಬೀಳಂಗಿಲ್ಲ. ನನ್ನ ಕಡಿ ನೋಡಬ್ಯಾಡ, ಅದರ ಕಡಿ ನೋಡು."

ಆಕೆ ಹೋಗಿ ಒಂದು ಬಂಡೆಯ ಮೇಲೆ ಕೂತಳು. ಅಷ್ಟು ವರ್ಷ ಆಕೆ ಗ್ಲೈಡರನ್ನು ನೋಡಿದ್ದು ಕಣ್ಣು ಕಿರಿದು ಮಾಡಿ, ಮುಂದೆ ಎಲ್ಲಿ ವಾಲುತ್ತದೋ ಎಂಬ ಚಿಂತೆಯಲ್ಲಿ. ಈಗ ಕೈಗಳು ಮಡಿಲಲ್ಲಿದ್ದವು. ಸಂಜೆಯ ಬಿಸಿಲು ರೆಕ್ಕೆಯ ಕಾಗದದಲ್ಲಿ ಹಾದು ಒಳಗಿನ ಪಕ್ಕೆಲುಬುಗಳು ಒಂದೊಂದೂ ಕಾಣುತ್ತಿದ್ದವು.

"ನಿರ್ಮಲಾ," ಎಂದು ನನ್ನನ್ನು ಕರೆದಳು. "ಇದು ಇಷ್ಟ ಛಂದ ಕಾಣ್ತದೇನು? ನನಗ ಗೊತ್ತ ಇದ್ದಿಲ್ಲ ನೋಡು."

ನಾನು ಗ್ಲೈಡರಿನಿಂದ ಕಣ್ಣು ಕೀಳಲಿಲ್ಲ. ನನ್ನ ಎರಡೂ ಹೆಬ್ಬೆರಳಿಗೆ ಕೆಲಸವಿತ್ತು.